ವಿದೇಶದಲ್ಲಿ ಓದುವಾಗ ಹಣ ಉಳಿಸುವುದು ಹೇಗೆ: ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೂ ಮನೆಯವರಿಗೂ

ಮೈಸೂರು, ಮಂಡ್ಯದ ಕಡೆಯಿಂದ ಉನ್ನತ ಓದಿಗೆಂದು ಹೊರದೇಶಕ್ಕೆ ಹೊರಡುವ ಮಕ್ಕಳಿಗೆ ಮನೆಯವರು ಹೇಳಿ ಕಳಿಸುವ ಉಳಿತಾಯದ ಮಾತು ಸಾಮಾನ್ಯವಾಗಿ ‘ಹೋಟೆಲಿಗೆ ಹೋಗಬೇಡ, ಕಾಫಿಗೆ ದುಡ್ಡು ಸುರಿಯಬೇಡ’ ಎಂಬಲ್ಲಿಗೆ ಮುಗಿಯುತ್ತದೆ. ಆ ಮಾತು ಸುಳ್ಳಲ್ಲ, ಆದರೆ ಎರಡು ವರ್ಷದ ಓದಿನ ಪೂರ್ತಿ ಲೆಕ್ಕ ಹಾಕಿ ನೋಡಿದರೆ ಕಾಫಿಯ ಪಾಲು ತೀರ ಕಡಿಮೆ. ದೊಡ್ಡ ಮೊತ್ತ ಹೋಗುವುದು ಬೋಧನಾ ಶುಲ್ಕಕ್ಕೆ, ಮನೆ ಬಾಡಿಗೆಗೆ, ಸಾಲದ ಬಡ್ಡಿಗೆ ಮತ್ತು ರೂಪಾಯಿಯನ್ನು ಅಲ್ಲಿನ ಹಣಕ್ಕೆ ಬದಲಿಸುವಾಗ ಆಗುವ ಸೋರಿಕೆಗೆ. ಇವುಗಳಲ್ಲಿ ಬಾಡಿಗೆಯೊಂದನ್ನು ಬಿಟ್ಟರೆ ಉಳಿದವೆಲ್ಲ ಬಹುಮಟ್ಟಿಗೆ ವಿಮಾನ ಹತ್ತುವ ಮೊದಲೇ, ಇಲ್ಲಿಯೇ ತೀರ್ಮಾನವಾಗಿಬಿಡುತ್ತವೆ. ಆದ್ದರಿಂದ ಈ ಬರಹದ ಅರ್ಧದಷ್ಟು ಭಾಗ ಹೊರಡುವ ಮುಂಚಿನ ಕೆಲಸಗಳಿಗೇ ಮೀಸಲಾಗಿದೆ. ವಿದ್ಯಾರ್ಥಿಯ ಜೊತೆಗೆ ತಂದೆ ತಾಯಿಯೂ ಓದಿಕೊಂಡರೆ ಹೆಚ್ಚು ಪ್ರಯೋಜನವಾದೀತು. ಇಲ್ಲಿ ಕೊಟ್ಟಿರುವ ಸರ್ಕಾರಿ ಮೊತ್ತಗಳೂ ಮಿತಿಗಳೂ ಆಗಾಗ ಬದಲಾಗುವಂಥವಾದ್ದರಿಂದ, ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಬೇಕು.

ಊರು ಆರಿಸುವಾಗ

ಮೈಸೂರಿನಲ್ಲಿ ಈಗ ಬಡಾವಣೆಗೊಂದರಂತೆ ಕನ್ಸಲ್ಟೆನ್ಸಿಗಳಿವೆ. ಅವುಗಳಲ್ಲಿ ಹಲವು ವಿದ್ಯಾರ್ಥಿಯಿಂದ ಶುಲ್ಕವನ್ನೇ ಕೇಳುವುದಿಲ್ಲ. ಏಕೆಂದರೆ ಪ್ರವೇಶ ಖಚಿತವಾದ ಮೇಲೆ ವಿದೇಶಿ ವಿಶ್ವವಿದ್ಯಾಲಯವೇ ಅವರಿಗೆ ಕಮಿಷನ್ ಕೊಡುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ಮೋಸವೂ ಇಲ್ಲ. ಆದರೆ ಕಮಿಷನ್ ಕೊಡದ ಸಂಸ್ಥೆಯ ಹೆಸರು ಅವರ ಬಾಯಿಂದ ತಾನಾಗಿ ಬರುವ ಸಂಭವ ಕಡಿಮೆ ಎಂಬುದನ್ನು ತಿಳಿದಿರಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವುಗಳಲ್ಲಿ ಬಹುತೇಕ ಕೋರ್ಸುಗಳಿಗೆ ಬೋಧನಾ ಶುಲ್ಕವೇ ಇಲ್ಲ. ಪ್ರತಿ ಸೆಮಿಸ್ಟರಿಗೆ ಒಂದು ಸಣ್ಣ ವಂತಿಗೆ ಕಟ್ಟಿದರೆ ಸಾಕು, ಹಲವು ಕಡೆ ಅದರಲ್ಲೇ ಬಸ್ಸು ರೈಲಿನ ಪಾಸೂ ಸೇರಿರುತ್ತದೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ಜರ್ಮನಿಯ ವೀಸಾಕ್ಕೆ ಬ್ಲಾಕ್ಡ್ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ತೆಗೆಯಬಹುದೆಂಬ ಮಿತಿಯ ಬ್ಯಾಂಕ್ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ. ಅದು ಖರ್ಚಾಗಿ ಹೋಗುವ ಶುಲ್ಕವಲ್ಲ, ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಮರಳಿ ಬರುವ ನಿಮ್ಮದೇ ಹಣ.

ಒಂದೇ ದೇಶದೊಳಗೂ ಊರಿನಿಂದ ಊರಿಗೆ ಖರ್ಚು ಎಷ್ಟು ಬದಲಾಗುತ್ತದೆ ಎಂಬುದನ್ನು ಬ್ರಿಟನ್ ಸರ್ಕಾರದ ವೀಸಾ ನಿಯಮವೇ ಹೇಳುತ್ತದೆ. 2025ರ ಆರಂಭದಲ್ಲಿ ಲಂಡನ್ನಿನಲ್ಲಿ ಓದುವವರು ಜೀವನ ವೆಚ್ಚಕ್ಕೆ ತಿಂಗಳಿಗೆ 1,483 ಪೌಂಡ್, ಲಂಡನ್ನಿನ ಹೊರಗೆ ಓದುವವರು 1,136 ಪೌಂಡ್ ತೋರಿಸಬೇಕಿತ್ತು. ವ್ಯತ್ಯಾಸ 347 ಪೌಂಡ್; ಒಂಬತ್ತು ತಿಂಗಳಿಗೆ 3,123 ಪೌಂಡ್. ಅದೇ ವಿಷಯವನ್ನು ಅದೇ ಮಟ್ಟದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ, ಸಣ್ಣ ಊರಿನಲ್ಲಿ ಓದಬಹುದಾದರೆ ಆ ಒಂದು ತೀರ್ಮಾನದಿಂದ ಉಳಿಯುವ ಹಣವನ್ನು ವರ್ಷವಿಡೀ ಕಾಫಿ ಬಿಟ್ಟರೂ ಉಳಿಸಲಾಗದು. ಅಮೆರಿಕಕ್ಕೆ ಹೋಗುವವರು ಶುಲ್ಕದ ಪಟ್ಟಿ ನೋಡುವ ಮೊದಲು ಆ ವಿಭಾಗದಲ್ಲಿ ಬೋಧನಾ ಸಹಾಯಕ, ಸಂಶೋಧನಾ ಸಹಾಯಕ ಹುದ್ದೆಗಳು ಎಂ.ಎಸ್. ವಿದ್ಯಾರ್ಥಿಗಳಿಗೂ ಸಿಗುತ್ತವೆಯೇ ಎಂದು ವಿಚಾರಿಸಬೇಕು; ಅಂಥ ಹುದ್ದೆ ಸಿಕ್ಕರೆ ಅನೇಕ ಕಡೆ ಬೋಧನಾ ಶುಲ್ಕದಲ್ಲೇ ವಿನಾಯಿತಿ ದೊರೆಯುತ್ತದೆ.

ವಿದ್ಯಾರ್ಥಿವೇತನಗಳಲ್ಲಿ ನಮ್ಮ ಭಾಗದವರು ಗಮನಿಸಬೇಕಾದವು ಕೆಲವಿವೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ವಿದ್ಯಾರ್ಥಿವೇತನವಿದ್ದು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಿರಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಮುಖ್ಯವಾಗಿ ಸಾಲರೂಪದ ನೆರವು, ಅದನ್ನು ಹಿಂದಿರುಗಿಸಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಪಢೋ ಪರದೇಶ್ ಯೋಜನೆ 2022ರಲ್ಲೇ ನಿಂತುಹೋಗಿದೆ. ಈಗಲೂ ಯಾರಾದರೂ ಅದರ ಭರವಸೆ ಕೊಟ್ಟರೆ ನಂಬಬಾರದು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಅರ್ಜಿಯ ಕೊನೆಯ ದಿನ ಹತ್ತಿರವಾದಾಗ ನಾಡಕಚೇರಿಯ ಮುಂದೆ ನಿಂತು ಕೇಳುವುದಕ್ಕಿಂತ ಒಂದೆರಡು ತಿಂಗಳು ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಸಾಲ: ಬಡ್ಡಿ ಓಡುವುದು ಮೊದಲ ಕಂತಿನ ದಿನದಿಂದಲೇ

ಮಂಡ್ಯ ಜಿಲ್ಲೆಯ ಅನೇಕ ಕುಟುಂಬಗಳಿಗೆ ಶಿಕ್ಷಣ ಸಾಲದಲ್ಲಿ ಎದುರಾಗುವ ಮೊದಲ ತೊಡಕು ಜಮೀನಿನದು. ನಾಲೆಯ ನೀರು ಹರಿಯುವ ಗದ್ದೆ ಎಕರೆಗಟ್ಟಲೆ ಇದ್ದರೂ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪುವುದಿಲ್ಲ. ಸಾಲ ತೀರದಿದ್ದಾಗ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದಿರುವುದೇ ಇದಕ್ಕೆ ಕಾರಣ. ಆದ್ದರಿಂದ ಪಹಣಿ ಹಿಡಿದು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವ ಬದಲು, ಮನೆ, ಭೂಪರಿವರ್ತನೆಯಾದ ನಿವೇಶನ, ನಿಶ್ಚಿತ ಠೇವಣಿ ಇವುಗಳಲ್ಲಿ ಯಾವುದು ಕುಟುಂಬದಲ್ಲಿ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ಕೂತು ಪಟ್ಟಿ ಮಾಡಬೇಕು. ಅಡಮಾನಕ್ಕೆ ಆಸ್ತಿ ಇದ್ದು ಸರ್ಕಾರಿ ಬ್ಯಾಂಕಿನಲ್ಲಿ ಸಾಲ ಪಡೆದರೆ ಬಡ್ಡಿ ದರ ಸಾಮಾನ್ಯವಾಗಿ ಕಡಿಮೆ. ಅಡಮಾನವಿಲ್ಲದೆ ಬೇಗ ಸಾಲ ಕೊಡುವ ಖಾಸಗಿ ಹಣಕಾಸು ಕಂಪನಿಗಳಲ್ಲಿ ಹೆಚ್ಚು. ವೀಸಾ ಅವಸರದಲ್ಲಿ ಎರಡನೆಯದಕ್ಕೆ ಸಹಿ ಹಾಕುವವರೇ ಬಹಳ. ಆಸ್ತಿಯ ಖಾತೆ, ಋಣಭಾರ ಪತ್ರ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಇವೆಲ್ಲ ಮುಗಿಯಲು ವಾರಗಳೇ ಹಿಡಿಯುವುದರಿಂದ, ಪ್ರವೇಶಪತ್ರ ಬರುವ ಮೊದಲೇ ಕಾಗದಪತ್ರ ಸರಿಪಡಿಸಿಕೊಂಡವರಿಗೆ ಮಾತ್ರ ಕಡಿಮೆ ಬಡ್ಡಿಯ ಸಾಲಕ್ಕಾಗಿ ಕಾಯುವಷ್ಟು ಸಮಯ ಇರುತ್ತದೆ.

ಎರಡನೆಯ ವಿಷಯ ಇನ್ನೂ ಮುಖ್ಯವಾದುದು. ‘ಓದು ಮುಗಿದ ಮೇಲೆ ಕಂತು’ ಎಂದರೆ ಅಲ್ಲಿಯವರೆಗೆ ಬಡ್ಡಿ ಇಲ್ಲ ಎಂದು ತಿಳಿದವರಿದ್ದಾರೆ. ಕಂತು ಇಲ್ಲ ಅಷ್ಟೆ. ಬಡ್ಡಿ ಮೊದಲ ದಿನದಿಂದ ಲೆಕ್ಕಕ್ಕೆ ಸೇರುತ್ತಲೇ ಇರುತ್ತದೆ. ಶೇ. 10ರ ಸರಳ ಬಡ್ಡಿಯಲ್ಲಿ 20 ಲಕ್ಷ ರೂ. ಸಾಲ, ಎರಡು ವರ್ಷ ಓದು, ಆಮೇಲೆ ಒಂದು ವರ್ಷದ ವಿರಾಮ ಎಂದು ಇಟ್ಟುಕೊಳ್ಳಿ. ಪೂರ್ತಿ ಹಣವನ್ನು ಮೊದಲ ದಿನವೇ ಬಿಡಿಸಿಕೊಂಡರೆ ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 6 ಲಕ್ಷ ರೂ. ಆಗಿರುತ್ತದೆ. ಅದೇ ಹಣವನ್ನು ಸೆಮಿಸ್ಟರಿಗೆ 5 ಲಕ್ಷದಂತೆ ನಾಲ್ಕು ಬಾರಿ ಬಿಡಿಸಿಕೊಂಡರೆ ಬಡ್ಡಿ 4.5 ಲಕ್ಷ ರೂ.ಗೆ ನಿಲ್ಲುತ್ತದೆ. ಏನನ್ನೂ ಬಿಟ್ಟುಕೊಡದೆ, ಬರೀ ಶುಲ್ಕದ ನೋಟಿಸು ಬಂದಾಗಲೇ ಹಣ ಕೇಳುವುದರಿಂದ ಒಂದೂವರೆ ಲಕ್ಷ ರೂ. ಉಳಿಯುತ್ತದೆ.

ಓದುವ ಅವಧಿಯಲ್ಲೇ ಬಡ್ಡಿಯನ್ನು ಸ್ವಲ್ಪ ಸ್ವಲ್ಪ ಕಟ್ಟುತ್ತಾ ಹೋದರೆ ಇನ್ನೂ ಒಳ್ಳೆಯದು, ಏಕೆಂದರೆ ಕಟ್ಟದೆ ಉಳಿದ ಬಡ್ಡಿ ಕಂತು ಆರಂಭವಾಗುವಾಗ ಅಸಲಿಗೆ ಸೇರಿ ಅದರ ಮೇಲೂ ಬಡ್ಡಿ ಬೀಳುತ್ತದೆ. ಹೀಗೆ ಕಟ್ಟುವವರಿಗೆ ಶೇ. 1ರಷ್ಟು ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ; ಸಹಿ ಹಾಕುವ ಮೊದಲು ಕೇಳಿ ತಿಳಿಯಬೇಕು. ತಿಂಗಳ ಸಂಬಳವಿರುವ ಮನೆಗಳಿಗೆ ಇದು ಸುಲಭ. ಕಬ್ಬಿನ ಬಿಲ್ಲು, ಭತ್ತದ ದುಡ್ಡು ವರ್ಷಕ್ಕೊಂದೆರಡು ಬಾರಿ ಒಟ್ಟಾಗಿ ಬರುವ ಮನೆಗಳು, ದುಡ್ಡು ಬಂದ ವಾರವೇ ಆ ವರ್ಷದ ಬಡ್ಡಿಯಷ್ಟನ್ನು ಸಾಲದ ಖಾತೆಗೆ ಹಾಕಿಬಿಡುವುದು ವಾಸಿ. ಬೇರೆ ಖಾತೆಯಲ್ಲಿದ್ದರೆ ಅದು ಮದುವೆ, ಮುಂಜಿ, ಬೋರ್‌ವೆಲ್ ಎಂದು ಕರಗುತ್ತದೆ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷದವರೆಗೆ ದೊರೆಯುವ, 80ಇ ಎಂದು ಎಲ್ಲರೂ ಕರೆಯುವ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿದವರಿಗೆ ಮಾತ್ರ ಸಿಗುತ್ತದೆ ಎಂಬುದೂ ಗೊತ್ತಿರಲಿ.

ಹಣ ಕಳಿಸುವಾಗಿನ ಸೋರಿಕೆ

ಇಲ್ಲಿಂದ ಹಣ ಕಳಿಸುವಾಗ ‘ನಮ್ಮಲ್ಲಿ ಶುಲ್ಕ ಬರೀ 500 ರೂಪಾಯಿ’ ಎಂಬ ಮಾತಿಗಿಂತ ಡಾಲರಿಗೋ ಪೌಂಡಿಗೋ ಯಾವ ದರ ಹಾಕುತ್ತಾರೆ ಎಂಬುದನ್ನು ನೋಡಬೇಕು. ಮಾರುಕಟ್ಟೆಯ ದರಕ್ಕೂ ಬ್ಯಾಂಕು ನಿಮಗೆ ಹಾಕುವ ದರಕ್ಕೂ ಡಾಲರಿಗೆ ಒಂದು ರೂಪಾಯಿ ವ್ಯತ್ಯಾಸವಿದ್ದರೆ 10,000 ಡಾಲರಿನ ಶುಲ್ಕದಲ್ಲಿ 10,000 ರೂ. ಹೋಯಿತು, ಶುಲ್ಕದ ರಸೀದಿಯಲ್ಲಿ ಅದು ಕಾಣುವುದೇ ಇಲ್ಲ. ಒಂದೇ ದಿನ, ಒಂದೇ ಗಂಟೆಯಲ್ಲಿ ಎರಡು ಮೂರು ಕಡೆ ‘ಇಷ್ಟು ಡಾಲರ್ ಅಲ್ಲಿಗೆ ತಲುಪಲು ಒಟ್ಟು ಎಷ್ಟು ರೂಪಾಯಿ ಕೊಡಬೇಕು’ ಎಂಬ ಒಂದೇ ಪ್ರಶ್ನೆ ಕೇಳಿ ಹೋಲಿಸುವುದು ಸರಿಯಾದ ಕ್ರಮ. ದೊಡ್ಡ ಮೊತ್ತವಾದರೆ ಶಾಖೆಯ ಮ್ಯಾನೇಜರ್ ಹತ್ತಿರ ದರವನ್ನು ಚೌಕಾಸಿ ಮಾಡಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವಿಗೆ ಚೌಕಾಸಿ ಮಾಡುವವರು ಬ್ಯಾಂಕಿನಲ್ಲಿ ಲಕ್ಷಗಳ ಮುಂದೆ ಸುಮ್ಮನೆ ತಲೆಯಾಡಿಸುತ್ತಾರೆ.

ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿಯ ಲೆಕ್ಕ ಮೊತ್ತ ಹೆಚ್ಚಿದಂತೆ ಹಗುರಾಗುವ ರೀತಿಯಲ್ಲಿದೆ. 1 ಲಕ್ಷ ರೂ. ಬದಲಿಸಿದರೆ ತೆರಿಗೆ 180 ರೂ.; 10 ಲಕ್ಷವನ್ನು ಒಟ್ಟಿಗೆ ಬದಲಿಸಿದರೆ 990 ರೂ. ಅದೇ 10 ಲಕ್ಷವನ್ನು ಹತ್ತು ಬಾರಿ ಬಿಡಿಬಿಡಿಯಾಗಿ ಕಳಿಸಿದರೆ 1,800 ರೂ., ಜೊತೆಗೆ ಬ್ಯಾಂಕುಗಳು ಹೊರದೇಶಕ್ಕೆ ಹಣ ಕಳಿಸಲು ಬಳಸುವ ಸ್ವಿಫ್ಟ್ ವ್ಯವಸ್ಥೆಯ ಶುಲ್ಕ ಪ್ರತಿ ಬಾರಿಯೂ. ಹಾಗೆಂದು ಸಾಲದ ಹಣವನ್ನು ಬೇಗ ಬಿಡಿಸಬೇಡಿ, ಅಲ್ಲಿ ಬಡ್ಡಿಯ ನಷ್ಟ ದೊಡ್ಡದು. ಮನೆಯ ಸ್ವಂತ ಹಣವನ್ನು ತಿಂಗಳು ತಿಂಗಳು ಕಳಿಸುವ ಬದಲು ಮೂರು ನಾಲ್ಕು ತಿಂಗಳಿಗೊಮ್ಮೆ ಕಳಿಸಿದರೆ ಸಾಕು.

ಶುಲ್ಕ ಕಟ್ಟುವಾಗ ಇನ್ನೊಂದು ಸಣ್ಣ ಕಾಲಂ ಇದೆ. ಸ್ವಿಫ್ಟ್ ಅರ್ಜಿಯಲ್ಲಿ ‘ವಿದೇಶಿ ಬ್ಯಾಂಕಿನ ಖರ್ಚು ಯಾರದು’ ಎಂದು ಕೇಳುತ್ತಾರೆ. ಅಲ್ಲಿ ಇಬ್ಬರಿಗೂ ಹಂಚಿಕೆ ಎಂದು ಬಿಟ್ಟರೆ ನಡುವಿನ ಬ್ಯಾಂಕು ಹದಿನೈದೋ ಇಪ್ಪತ್ತೋ ಡಾಲರ್ ಹಿಡಿದುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಶುಲ್ಕ ಪೂರ್ತಿ ಬಂದಿಲ್ಲ ಎಂದಾಗುತ್ತದೆ, ಆ ಹದಿನೈದು ಡಾಲರಿಗಾಗಿ ವಿಳಂಬ ದಂಡ ಬೀಳಬಹುದು ಅಥವಾ ಮುಂದಿನ ಸೆಮಿಸ್ಟರಿನ ನೋಂದಣಿ ನಿಲ್ಲಬಹುದು. ಪೂರ್ತಿ ಖರ್ಚು ಕಳಿಸುವವರದೇ ಎಂದು ಗುರುತು ಹಾಕಿಸಿ, ಅರ್ಜಿಯ ನಕಲಿನಲ್ಲಿ ಅದನ್ನು ಓದಿ ನೋಡಿಯೇ ಸಹಿ ಮಾಡಬೇಕು.

ಹೊರದೇಶಕ್ಕೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ಟಿಸಿಎಸ್ ಎಂಬ ತೆರಿಗೆಯ ವಿಷಯದಲ್ಲಿ 2025ರ ಏಪ್ರಿಲ್ 1ರಿಂದ ನಿಯಮ ಸಡಿಲಗೊಂಡಿದೆ. ಒಬ್ಬರ ಪ್ಯಾನ್ ಮೇಲೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂ.ವರೆಗೆ ಕಳಿಸುವುದಕ್ಕೆ ಟಿಸಿಎಸ್ ಇಲ್ಲ. ಬ್ಯಾಂಕಿನಂಥ ನಿಗದಿತ ಸಂಸ್ಥೆಗಳಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ಎಷ್ಟಾದರೂ ಇಲ್ಲ. ಸ್ವಂತ ಹಣ ಆ ಮಿತಿ ದಾಟಿದರೆ ಮಾತ್ರ ದಾಟಿದ ಭಾಗಕ್ಕೆ ಹಿಡಿಯುತ್ತಾರೆ. ತಂದೆ ತಾಯಿ ಇಬ್ಬರಿಗೂ ಪ್ಯಾನ್ ಮತ್ತು ಸ್ವಂತ ಹಣ ಇದ್ದರೆ ಮಿತಿ ಇಬ್ಬರಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಉದ್ದೇಶದ ಕಾಲಂನಲ್ಲಿ ‘ಸಂಬಂಧಿಕರ ನಿರ್ವಹಣೆ’ ಎಂದು ಬರೆದರೆ ದರ ಹೆಚ್ಚು, ‘ವಿದೇಶಿ ವ್ಯಾಸಂಗ’ ಎಂದು ಬರೆಸಬೇಕು. ಹಿಡಿದ ಹಣ ಕಳೆದುಹೋಗುವುದಿಲ್ಲ, ರಿಟರ್ನ್ಸ್ ಸಲ್ಲಿಸಿದರೆ ತೆರಿಗೆಗೆ ವಜಾ ಆಗುತ್ತದೆ ಇಲ್ಲವೇ ಮರಳಿ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಎಂದೂ ರಿಟರ್ನ್ಸ್ ಹಾಕದ ಮನೆಯವರು ಇದಕ್ಕಾಗಿಯಾದರೂ ಆ ವರ್ಷ ಹಾಕಲೇಬೇಕು, ಇಲ್ಲದಿದ್ದರೆ ಹಣ ಸರ್ಕಾರದ ಬಳಿಯೇ ಉಳಿಯುತ್ತದೆ.

ಅಲ್ಲಿ ತಲುಪಿದ ಮೇಲೆ ಇಲ್ಲಿನ ಡೆಬಿಟ್ ಕಾರ್ಡನ್ನು ದಿನಬಳಕೆಗೆ ಉಪಯೋಗಿಸಬಾರದು. ಪ್ರತಿ ಬಾರಿಯೂ ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಹೆಚ್ಚುವರಿ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ಅನಿವಾರ್ಯವಾಗಿ ಉಜ್ಜಿದಾಗ ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಕೇಳಿದರೆ ಬೇಡವೆಂದು ಸ್ಥಳೀಯ ಹಣವನ್ನೇ ಆರಿಸಬೇಕು; ರೂಪಾಯಿ ಎಂದರೆ ಇನ್ನೂ ಕೆಟ್ಟ ದರ ಬೀಳುತ್ತದೆ. ಬ್ಯಾಂಕಿನ ಓಟಿಪಿ ಬರುವ ಇಲ್ಲಿನ ಸಿಮ್ಮಿಗೆ ಹೊರಡುವ ಮುನ್ನ ರೋಮಿಂಗ್ ಚಾಲೂ ಮಾಡಿಸಿ, ಅತಿ ಕಡಿಮೆಯ ರೀಚಾರ್ಜಿನಲ್ಲಿ ಜೀವಂತವಾಗಿಡಬೇಕು.

ಪೆಟ್ಟಿಗೆಯಲ್ಲಿ ಏನು

ಕೆಲವು ವಿಮಾನ ಸಂಸ್ಥೆಗಳು ವಿದ್ಯಾರ್ಥಿ ದರದ ಟಿಕೆಟಿನಲ್ಲಿ ಹೆಚ್ಚುವರಿ ಲಗೇಜು ಕೊಡುತ್ತವೆ, ಬುಕ್ ಮಾಡುವಾಗಲೇ ವಿಚಾರಿಸಬೇಕು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇರುವುದರಿಂದ ಮನೆಮಂದಿಯೆಲ್ಲ ಎರಡು ಕಾರಿನಲ್ಲಿ ಬರುವ ಅಗತ್ಯವಿಲ್ಲ, ಆದರೆ ಇದನ್ನು ಒಪ್ಪಿಸುವುದು ಯಾರಿಂದಲೂ ಆಗದ ಕೆಲಸ.

ತೂಕಕ್ಕೆ ಬೆಲೆಯಿರುವ ಪೆಟ್ಟಿಗೆಯಲ್ಲಿ ಅಲ್ಲಿ ದುಬಾರಿಯಾದದ್ದು ಮಾತ್ರ ಹೋಗಬೇಕು: ಐದು ಲೀಟರಿನ ಬದಲು ಮೂರು ಲೀಟರಿನ ಕುಕ್ಕರು, ಅದಕ್ಕೆ ಇನ್ನೊಂದು ಗ್ಯಾಸ್ಕೆಟ್ಟು, ಮನೆಯ ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ, ಎರಡು ಜೊತೆ ಕನ್ನಡಕ, ವೈದ್ಯರ ಚೀಟಿಯೊಂದಿಗೆ ನಿತ್ಯದ ಮಾತ್ರೆಗಳು. ಪುಡಿಗಳನ್ನು ಹುರಿದ ದಿನವೇ ತುಂಬಿದರೆ ಬೆವರುತ್ತವೆ. ಒಂದು ರಾತ್ರಿ ಆರಲು ಬಿಟ್ಟು, ಅರ್ಧರ್ಧ ಕೆ.ಜಿ.ಯಂತೆ ದಪ್ಪ ಕವರಿಗೆ ಹಾಕಿ ಸೀಲು ಮಾಡಿಸಿ, ಅದನ್ನು ಇನ್ನೊಂದು ಕವರಿನಲ್ಲಿ ಸುತ್ತಿ, ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆದಿಟ್ಟರೆ ಕಸ್ಟಮ್ಸಿನವರ ಪ್ರಶ್ನೆಗೂ ಉತ್ತರವಾಗುತ್ತದೆ, ಬಟ್ಟೆಗೆ ವಾಸನೆಯೂ ಹತ್ತುವುದಿಲ್ಲ. ತುಪ್ಪ, ಖೋವಾದ ಸಿಹಿ, ಮಾಂಸದ ಉಪ್ಪಿನಕಾಯಿ ಬೇಡ. ಐರೋಪ್ಯ ಒಕ್ಕೂಟ ಹೊರಗಿನಿಂದ ಪ್ರಯಾಣಿಕರು ಹಾಲು, ಮಾಂಸದ ಪದಾರ್ಥ ತರುವುದನ್ನು ನಿಷೇಧಿಸಿದೆ. ಹಸಿ ಕರಿಬೇವನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥ ಏನಿದ್ದರೂ ಬರುವಾಗಲೇ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ಬೀಳುವ ದಂಡ ವರ್ಷದ ದಿನಸಿಗಿಂತ ಹೆಚ್ಚಾದೀತು. ನಮ್ಮ 230 ವೋಲ್ಟಿನ ಮಿಕ್ಸಿ ಅಮೆರಿಕ, ಕೆನಡಾದ 120 ವೋಲ್ಟಿನಲ್ಲಿ ಕೆಲಸ ಮಾಡುವುದಿಲ್ಲ. ದಪ್ಪ ಚಳಿಗಾಲದ ಕೋಟನ್ನು ಅರಸು ರಸ್ತೆಯಲ್ಲಿ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಂಡ. ಅಲ್ಲಿನ ಚಳಿಗೆ ತಕ್ಕ ಕೋಟು ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲೇ ಅಗ್ಗವಾಗಿ ಸಿಗುತ್ತದೆ. ಹಲ್ಲಿನ ಕೆಲಸವನ್ನು ಮಾತ್ರ ಇಲ್ಲಿಯೇ ಪೂರ್ತಿ ಮುಗಿಸಿಕೊಂಡು ಹೋಗಬೇಕು, ಏಕೆಂದರೆ ವಿದ್ಯಾರ್ಥಿ ವಿಮೆಗಳು ಬಹಳಷ್ಟು ಕಡೆ ಹಲ್ಲಿನ ಖರ್ಚನ್ನು ಕೊಡುವುದಿಲ್ಲ.

ಬಾಡಿಗೆ

ಅಲ್ಲಿ ಹೋದ ಮೇಲಿನ ಖರ್ಚಿನಲ್ಲಿ ಅತಿ ದೊಡ್ಡದು ಇದು. ಜರ್ಮನಿಯಲ್ಲಿ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲುಗಳು ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ, ಆದರೆ ಸರದಿ ತಿಂಗಳುಗಟ್ಟಲೆ ಇರುವುದರಿಂದ ಪ್ರವೇಶಪತ್ರ ಬಂದ ದಿನವೇ ಅರ್ಜಿ ಹಾಕಬೇಕು. ಬ್ರಿಟನ್ನಿನಲ್ಲಿ ಖಾಸಗಿ ವಿದ್ಯಾರ್ಥಿ ನಿಲಯಗಳು ನೋಡಲು ಚೆಂದ, ದರ ಹೆಚ್ಚು. ನಾಲ್ಕೈದು ಮಂದಿ ಸೇರಿ ಮನೆ ಹಿಡಿಯುವುದು ಅಗ್ಗ. ಹೊಸಬರು ಇಲ್ಲಿಂದಲೇ ಫೋಟೊ ನೋಡಿ ಮುಂಗಡ ಕಳಿಸುವುದು ಮಾತ್ರ ಬೇಡ. ‘ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿದರೆ ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ’ ಎಂಬ ಮಾಲೀಕ ಬಹುತೇಕ ಮಾಲೀಕನೇ ಆಗಿರುವುದಿಲ್ಲ. ಮೊದಲ ಒಂದೆರಡು ವಾರ ತಾತ್ಕಾಲಿಕ ಕೋಣೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ, ಮನೆಯನ್ನು ಕಣ್ಣಾರೆ ನೋಡಿ ಒಪ್ಪಬೇಕು. ಅಷ್ಟರೊಳಗೆ ಊರಿನ ಕನ್ನಡ ಕೂಟದವರನ್ನೋ ಮೇಲಿನ ತರಗತಿಯ ನಮ್ಮವರನ್ನೋ ಸಂಪರ್ಕಿಸಿದರೆ, ಖಾಲಿಯಾಗುವ ಕೋಣೆಗಳ ಸುದ್ದಿಯ ಜೊತೆಗೆ ಬಿಟ್ಟು ಹೋಗುವವರ ಮೇಜು, ಮಂಚ, ರೈಸ್ ಕುಕ್ಕರುಗಳೂ ಕಡಿಮೆಗೆ ಸಿಗುತ್ತವೆ. ರಸ್ತೆ ಬದಿಯಲ್ಲಿ ಬಿಟ್ಟ ಹಾಸಿಗೆ ಮಾತ್ರ ಬೇಡ. ತಿಗಣೆ ಹತ್ತಿದರೆ ಅದನ್ನು ಓಡಿಸುವ ಖರ್ಚಿನಲ್ಲಿ ಹೊಸ ಹಾಸಿಗೆ ಬರುತ್ತದೆ.

ಕರಾರಿಗೆ ಸಹಿ ಹಾಕುವ ಮುನ್ನ ಬಾಡಿಗೆಯಲ್ಲಿ ಹೀಟಿಂಗ್, ಕರೆಂಟು, ಇಂಟರ್‌ನೆಟ್ಟು ಸೇರಿವೆಯೇ ಎಂದು ಕೇಳಬೇಕು. ಜರ್ಮನಿಯಲ್ಲಿ ಹೀಟಿಂಗ್ ಮುಂತಾದ ಖರ್ಚು ಸೇರದ ‘ತಣ್ಣನೆಯ ಬಾಡಿಗೆ’, ಅದು ಸೇರಿದ ‘ಬೆಚ್ಚನೆಯ ಬಾಡಿಗೆ’ ಎಂದು ಎರಡು ಬಗೆಯಲ್ಲಿ ಹೇಳುತ್ತಾರೆ, ಜಾಹೀರಾತಿನ ಕಡಿಮೆ ಮೊತ್ತ ಸಾಮಾನ್ಯವಾಗಿ ಮೊದಲನೆಯದು. ಅಲ್ಲಿ ಮುಂಗಡ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಗಳಿಗೆ ಮುಂಗಡದ ಮಿತಿ ಐದು ವಾರದ ಬಾಡಿಗೆ. ಮಾಲೀಕ ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು. ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ ಮನೆಯಲ್ಲಿ ಒಬ್ಬ ಬಾಡಿಗೆ ಕೊಡದೆ ಹೋದರೆ ಅವನ ಪಾಲನ್ನೂ ಉಳಿದವರಿಂದ ಕೇಳಬಹುದು. ಬ್ರಿಟನ್ನಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳು ಮಾತ್ರ ಇರುವ ಮನೆಗೆ ಕೌನ್ಸಿಲ್ ತೆರಿಗೆ ಎಂಬ ಸ್ಥಳೀಯ ಆಡಳಿತದ ಮನೆ ತೆರಿಗೆ ಇಲ್ಲ, ಆದರೆ ವಿಶ್ವವಿದ್ಯಾಲಯದ ಪತ್ರ ಕೊಟ್ಟು ವಿನಾಯಿತಿ ಕೇಳಬೇಕು. ಕೆಲಸಕ್ಕೆ ಹೋಗುವ ಸ್ನೇಹಿತನೊಬ್ಬನನ್ನು ಸೇರಿಸಿಕೊಂಡರೆ ಬಿಲ್ಲು ಬರುತ್ತದೆ. ಜರ್ಮನಿಯಲ್ಲಿ ಸಾರ್ವಜನಿಕ ರೇಡಿಯೊ, ಟಿವಿಗಾಗಿ ಕಟ್ಟಬೇಕಾದ ರೇಡಿಯೊ ವಂತಿಗೆ ತಿಂಗಳಿಗೆ 18.36 ಯೂರೋ, ಅದು ತಲೆಗಲ್ಲ, ಮನೆಗೆ ಒಂದು. ಮನೆಯಲ್ಲಿ ಒಬ್ಬರು ಕಟ್ಟುತ್ತಿದ್ದರೆ ಉಳಿದವರು ವಂತಿಗೆ ಕೇಳಿ ಬರುವ ಪತ್ರಕ್ಕೆ ಕಟ್ಟುತ್ತಿರುವವರ ವಂತಿಗೆ ಸಂಖ್ಯೆ ತಿಳಿಸಿ ಉತ್ತರಿಸಬೇಕು, ಪತ್ರವನ್ನು ಕಸಕ್ಕೆ ಹಾಕಿದರೆ ಬಾಕಿ ಬೆಳೆಯುತ್ತದೆ.

ಕೀಲಿ ಪಡೆದ ದಿನ ಗೋಡೆ, ಒಲೆ, ನೆಲದ ಪ್ರತಿ ಗೀರನ್ನೂ ವಿಡಿಯೊ ಮಾಡಿ ಮಾಲೀಕನಿಗೆ ಈಮೇಲ್ ಕಳಿಸಿಡಬೇಕು. ನಮ್ಮ ಅಡುಗೆಯ ಹಬೆಗೆ ಮುಚ್ಚಿದ ಕಿಟಕಿಯ ಮನೆಯಲ್ಲಿ ಬೂಷ್ಟು ಹಿಡಿಯುವುದು ಬೇಗ, ಮುಂಗಡದಲ್ಲಿ ಕಡಿತಕ್ಕೆ ಅದೂ ಒಂದು ದೊಡ್ಡ ಕಾರಣ. ಚಳಿಗಾಲದಲ್ಲೂ ದಿನಕ್ಕೆರಡು ಬಾರಿ, ಹೀಟರು ತಗ್ಗಿಸಿ, ಐದಾರು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದರೆ ಸಾಕು.

ಅಡುಗೆ

ಹೊಟ್ಟೆ ಕಟ್ಟಿ ಉಳಿಸಿದ ಹಣ ಪರೀಕ್ಷೆಯ ಹೊತ್ತಿಗೆ ಆಸ್ಪತ್ರೆಗೆ ಹೋಗುತ್ತದೆ, ಆದ್ದರಿಂದ ಇಲ್ಲಿ ಕಡಿಮೆ ತಿನ್ನುವ ಮಾತಿಲ್ಲ. ವಾರಕ್ಕೆರಡು ಬಾರಿ ಅಡುಗೆ ಮಾಡಿ ಡಬ್ಬಿಗಳಲ್ಲಿ ತುಂಬಿಡುವವರು ಕ್ಯಾಂಪಸ್ಸಿನ ಹೋಟೆಲಿನ ಕಡೆ ಹೋಗುವುದು ತಾನಾಗಿಯೇ ಕಡಿಮೆಯಾಗುತ್ತದೆ. ತೊಗರಿಬೇಳೆ ಇಂಡಿಯನ್ ಸ್ಟೋರಿನಲ್ಲಿ ಮಾತ್ರ ಸಿಗುವುದರಿಂದ ದುಬಾರಿ. ಕೆಂಪು ಮಸೂರ ಬೇಳೆ ಟರ್ಕಿಯವರ ಅಂಗಡಿಯಲ್ಲೂ ಸಾಮಾನ್ಯ ಸೂಪರ್ ಮಾರ್ಕೆಟ್ಟಿನಲ್ಲೂ ದೊಡ್ಡ ಚೀಲದಲ್ಲಿ ಸಿಗುತ್ತದೆ, ನೆನೆಸುವ ಕೆಲಸವಿಲ್ಲ, ಕುಕ್ಕರು ಇಲ್ಲದೆಯೂ ಬೇಗ ಬೇಯುತ್ತದೆ. ಮನೆಯ ಹುಳಿಪುಡಿ ಬಿದ್ದರೆ ಬೇಳೆ ಯಾವುದೆಂದು ನಾಲಿಗೆ ಹೆಚ್ಚು ವಿಚಾರಿಸುವುದಿಲ್ಲ. ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ, ಫ್ರೋಜನ್ ಪಾಲಕ್ ಮತ್ತು ಬಟಾಣಿ ವರ್ಷವಿಡೀ ಅಗ್ಗ. ಬಸ್ಸಾರಿಗೂ ಉಪ್ಸಾರಿಗೂ ಪಾಲಕ್ ಒದಗುತ್ತದೆ. ರಾಗಿಯನ್ನು ಪೂರ್ವ ಆಫ್ರಿಕಾದವರೂ ತಿನ್ನುತ್ತಾರೆ, ಆದ್ದರಿಂದ ಹಿಟ್ಟು ಮುಗಿದರೆ ಅವರ ಅಂಗಡಿಯಲ್ಲೂ ಕೇಳಿ ನೋಡಬಹುದು. ಮುದ್ದೆ ತಿರುವಲು ಗಟ್ಟಿ ಮರದ ಸೌಟು ಸಾಕು, ಕೋಲು ಹೊತ್ತೊಯ್ಯಬೇಕಿಲ್ಲ. ದೋಸೆ ಹಿಟ್ಟು ಚಳಿಗೆ ಹುದುಗದಿದ್ದರೆ ಓವನ್ನಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಒಳಗಿಡಬೇಕು.

ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ ಆಲ್ಡಿಯಂಥ ಕಡಿಮೆ ದರದ ಅಂಗಡಿಗಳಿವೆ, ದಿನಸಿಯನ್ನು ಅಲ್ಲಿಯೇ ಕೊಳ್ಳುವುದು ಸರಿ. ಬ್ರಿಟನ್ನಿನ ಸೂಪರ್ ಮಾರ್ಕೆಟ್ಟುಗಳು ಅವಧಿ ಮುಗಿಯಲಿರುವ ಬ್ರೆಡ್ಡು, ಹಾಲು, ತರಕಾರಿಗೆ ಸಂಜೆಯ ಮೇಲೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುತ್ತವೆ. ಜರ್ಮನಿಯಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಸೇರಿಸಿ ಪಡೆಯುವ 25 ಸೆಂಟ್ ಠೇವಣಿಯನ್ನು ಖಾಲಿ ಬಾಟಲಿ ಮರಳಿಸಿ ಪಡೆಯಬೇಕು. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರುವುದರಿಂದ ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ.

ಕೆಲಸ ಮತ್ತು ತೆರಿಗೆ

ಬ್ರಿಟನ್ನಿನಲ್ಲಿ ಪದವಿ ಓದುವವರು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 2024ರ ನವೆಂಬರಿನಿಂದ ಕ್ಯಾಂಪಸ್ಸಿನ ಹೊರಗೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು. ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಕ್ಯಾಂಪಸ್ಸಿನೊಳಗೆ ಮಾತ್ರ, ವಾರಕ್ಕೆ 20 ಗಂಟೆ. ನಗದು ಕೊಟ್ಟು ಹೆಚ್ಚು ಗಂಟೆ ದುಡಿಸಿಕೊಳ್ಳುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ, ಅವುಗಳಲ್ಲಿ ನಮ್ಮ ದೇಶದವರವೂ ಇವೆ. ಸಿಕ್ಕಿಬಿದ್ದರೆ ಹೋಗುವುದು ವೀಸಾ, ಅಂದರೆ 20 ಲಕ್ಷದ ಸಾಲ ಉಳಿದು ಪದವಿ ಹೋಗುತ್ತದೆ. ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲಿನ ಕೆಲಸಗಳಿಗೆ ಸಂಬಳ ಸ್ವಲ್ಪ ಕಡಿಮೆಯಿದ್ದರೂ ಓಡಾಟದ ಸಮಯ ಉಳಿಯುತ್ತದೆ, ಪರೀಕ್ಷೆಯ ವಾರದಲ್ಲಿ ರಜೆ ಕೇಳಬಹುದು.

ತೆರಿಗೆಯಲ್ಲಿ ಬಿಟ್ಟುಕೊಡುವ ಹಣ ಇನ್ನೊಂದು. ಅಮೆರಿಕದಲ್ಲಿ ಎಫ್-1 ವಿದ್ಯಾರ್ಥಿಗಳಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಪಿಂಚಣಿ ಮತ್ತು ವೃದ್ಧರ ಆರೋಗ್ಯ ವಿಮೆಗಾಗಿ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಡಿತ ಸಾಮಾನ್ಯವಾಗಿ ಇಲ್ಲ. ಸಂಬಳದ ಚೀಟಿಯಲ್ಲಿ ಶೇ. 7.65 ಹಿಡಿದಿದ್ದರೆ ಉದ್ಯೋಗದಾತರಿಂದ ಮರಳಿ ಕೇಳಬೇಕು. ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಅನಿವಾಸಿ ವರ್ಗದಲ್ಲಿ ರಿಟರ್ನ್ಸ್ ಹಾಕುವ ಭಾರತೀಯ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು, ಬೇರೆ ಬಹುತೇಕ ದೇಶದವರಿಗೆ ಇದು ಇಲ್ಲ. ಕೆನಡಾದಲ್ಲಿ ಆದಾಯವೇ ಇಲ್ಲದಿದ್ದರೂ ರಿಟರ್ನ್ಸ್ ಸಲ್ಲಿಸಿದರೆ ಅಲ್ಲಿ ನೆಲೆಸಿದ ವಿದ್ಯಾರ್ಥಿಗಳಿಗೂ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಜಿಎಸ್‌ಟಿ ಕ್ರೆಡಿಟ್ ಎಂಬ ನೆರವಿನ ಹಣ ಸಿಗಬಹುದು.

ಆರೋಗ್ಯದ ವಿಷಯದಲ್ಲಿ ಉಳಿಸುವುದೆಂದರೆ ಕಟ್ಟಿದ್ದನ್ನು ಬಳಸುವುದು. ಬ್ರಿಟನ್ ವಿದ್ಯಾರ್ಥಿ ವೀಸಾದ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಹೋದ ವಾರವೇ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು. ಅಮೆರಿಕದಲ್ಲಿ ಜ್ವರಕ್ಕೆಲ್ಲ ಎಮರ್ಜೆನ್ಸಿಗೆ ಹೋದರೆ ಬಿಲ್ಲು ಎದೆ ಒಡೆಸುತ್ತದೆ, ಮೊದಲು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರ. ಪಠ್ಯಪುಸ್ತಕಗಳನ್ನು ಮೊದಲ ತರಗತಿಗೆ ಮುಂಚೆ ಕೊಳ್ಳಬಾರದು. ಬಹಳಷ್ಟು ಗ್ರಂಥಾಲಯದ ಮೀಸಲು ಕಪಾಟಿನಲ್ಲೇ ಇರುತ್ತವೆ. ಊರಿಗೆ ಬರುವ ಟಿಕೆಟು ಡಿಸೆಂಬರಿನಲ್ಲಿ ದುಬಾರಿ. ದಸರೆಯ ಹೊತ್ತಿಗೆ ಅಗ್ಗ ಸಿಕ್ಕರೂ ಆಗ ಪಾಠ ನಡೆಯುತ್ತಿರುತ್ತದೆ, ಜಂಬೂ ಸವಾರಿಯನ್ನು ಫೋನಿನಲ್ಲೇ ನೋಡಬೇಕು.

ಬಿಟ್ಟು ಬರುವಾಗ

ಓದು ಮುಗಿದ ಸಡಗರದಲ್ಲಿ ಅಲ್ಲಿಯೇ ಉಳಿದುಬಿಡುವ ಹಣ ಸಣ್ಣದಲ್ಲ. ಮನೆ ಬಿಡುವ ನೋಟಿಸನ್ನು ಕರಾರಿನಲ್ಲಿರುವ ಅವಧಿಗೆ ಮುಂಚೆ, ಬರವಣಿಗೆಯಲ್ಲಿ ಕೊಡಬೇಕು. ಜರ್ಮನಿಯಲ್ಲಿ ಅದು ಸಾಮಾನ್ಯವಾಗಿ ಮೂರು ತಿಂಗಳು. ಅಲ್ಲಿ ಊರು ಬಿಡುವಾಗ ಪುರಸಭೆಯಲ್ಲಿ ವಿಳಾಸದ ನೋಂದಣಿ ತೆಗೆಸಿ, ಆ ಪತ್ರವನ್ನು ತೋರಿಸಿ ರೇಡಿಯೊ ವಂತಿಗೆ, ವಿಮೆ, ಮೊಬೈಲ್ ಕರಾರುಗಳನ್ನು ನಿಲ್ಲಿಸಬೇಕು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ್ದರೆ ಉದ್ಯೋಗದಾತರು ನಿಮ್ಮ ಹೆಸರಿನಲ್ಲಿ ಸೂಪರ್ ಎಂಬ ನಿವೃತ್ತಿ ನಿಧಿಗೆ ಹಣ ಕಟ್ಟಿರುತ್ತಾರೆ. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ತೆರಿಗೆ ಕಡಿತದ ನಂತರ ಉಳಿದದ್ದನ್ನು ಪಡೆಯಬಹುದು. ಮುಂಗಡ, ತೆರಿಗೆ ಮರುಪಾವತಿ, ಕೊನೆಯ ತಿಂಗಳ ಸಂಬಳ ಎಲ್ಲವೂ ಕೈ ಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚದೆ, ಅದಕ್ಕೆ ಜೋಡಿಸಿದ ಫೋನ್ ಸಂಖ್ಯೆಯನ್ನೂ ಅಲ್ಲಿಯವರೆಗೆ ಉಳಿಸಿಕೊಳ್ಳಬೇಕು.